ರಣಭೈರವನ ಕೊಂಬು

"ಕಂಚಿಗೆರೆಯ ಸಮಸ್ತ ಪ್ರಜೆಗಳೂ ಕೇಳಿರಿ! ದೊರೆಯನ್ನು ರಣರಂಗದಿಂದ ಹೊತ್ತು ತಂದು ಪ್ರಾಣಬಿಟ್ಟ ಪಟ್ಟದಾನೆ ರಣಭೈರವನ ಕಲ್ಲಿನ ಪ್ರತಿಮೆ ಕೋಟೆಬಾಗಿಲಲ್ಲಿ ನಿಂತಿದೆ. ಅದರ ಮುಂದೆ ದೊರೆ ಬೆಟ್ಟರಸರು ಮೂರು ಒಗಟು ಹಾಕುತ್ತಾರೆ. ಮೂರಕ್ಕೂ ಹೊಂದುವ ಉತ್ತರ ಹೇಳಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಡಂಗುರ ಆನೆಲಾಯದ ಮುಂದೆ ಹಾದಾಗ ಹುಲ್ಲು ಕೊಯ್ಯುವ ಈರಿ ಮರಿಯಾನೆಯ ಬಾಯಿಗೆ ಗಂಜಿ ಹನಿಸುತ್ತಿದ್ದಳು. ರಣಭೈರವ ಎಂಬ ಹೆಸರು ಕೇಳಿದರೇ ಅವಳ ಮೈ ಉರಿಯುತ್ತಿತ್ತು. ಅದು ಗಂಡಾನೆಯೇ ಅಲ್ಲ. ಆರು ವರ್ಷ ಅವಳ ಕೈಯಿಂದ ಮೈ ತಿಕ್ಕಿಸಿಕೊಂಡ ಹೆಣ್ಣಾನೆ, ಚೆಲುವಿ. ದೊರೆ ಏರುವ ಆನೆಗೆ ಕೊಂಬಿಲ್ಲದಿದ್ದರೆ ಹೇಗೆಂದು, ಹೊರಗೆ ಹೊರಟಾಗಲೆಲ್ಲ ಮರದ ಕೊಂಬಿಗೆ ಬೆಳ್ಳಿತಗಡು ಹೊದಿಸಿ ಕಟ್ಟುತ್ತಿದ್ದರು. ಕವಿಗಳು ಅದನ್ನೇ ಹಾಡಿದರು, ಶಿಲ್ಪಿ ಅದನ್ನೇ ಕೆತ್ತಿದ. ಮರಿ ಹಾಕಿ ಆರು ತಿಂಗಳಾಗದ ಬಾಣಂತಿಯನ್ನು ಯುದ್ಧಕ್ಕೆ ಎಳೆದೊಯ್ದದ್ದನ್ನು ಯಾರೂ ಹಾಡಲಿಲ್ಲ. ತಬ್ಬಲಿ ಮರಿಗೆ ಹಾಲು ಕೇಳಿದರೆ ಉಗ್ರಾಣದವನು, "ರಣಭೈರವ ಗಂಡಾನೆ ಕಣೇ. ಅದಕ್ಕೆಲ್ಲಿಯ ಮರಿ?" ಎಂದು ಬಾಗಿಲು ಹಾಕಿದ್ದ. ಅದೇ ಉಗ್ರಾಣದಿಂದ ದಿನಾ ಇಪ್ಪತ್ತು ಕೊಡ ಹಾಲು ಕಲ್ಲಿನ ತಲೆಗೆ ಅಭಿಷೇಕವಾಗುತ್ತಿತ್ತು. ಇಲ್ಲಿ ಮರಿಯ ಪಕ್ಕೆಲುಬು ಎಣಿಸಬಹುದಿತ್ತು.

ಈರಿ ಕುಡುಗೋಲು ಎಸೆದು, ಮರಿಯನ್ನು ನಡೆಸಿಕೊಂಡು ಕೋಟೆಬಾಗಿಲಿಗೆ ಹೊರಟಳು.

ಅಲ್ಲಿ ದೊರೆ ಆಗಲೇ ಮೊದಲನೆಯದನ್ನು ಕೇಳಿದ್ದ: "ಜೀವ ಹೋದ ಮೇಲೂ ಬೆಳೆಯುವುದು ಯಾವುದು?" ಪಾಳೆಯಗಾರನ ಮಗನೊಬ್ಬ "ಉಗುರು" ಎಂದ. ಅವನನ್ನು ಎಳೆದೊಯ್ದರು. ಆಸ್ಥಾನಕವಿ ಶೃಂಗಪ್ಪಯ್ಯ "ಕೀರ್ತಿ" ಎಂದು ಗೆದ್ದು ಬೀಗಿದ. "ಬಾಯಿಲ್ಲದಿದ್ದರೂ ದಿನಾ ಹಾಲು ಕುಡಿಯುವುದು ಯಾವುದು?" ಎಂದು ದೊರೆ ಎರಡನೆಯದನ್ನು ಹಾಕಿದ.

"ಹುತ್ತ, ಪ್ರಭು."

"ಹುತ್ತಕ್ಕೆ ಹಾಲೆರೆಯುವುದು ನಾಗರಪಂಚಮಿಗೆ. ನಾನು ದಿನಾ ಎಂದೆ."

ಕವಿಯನ್ನೂ ಎಳೆದೊಯ್ದರು. ಮುಂದೆ ಬರಲು ಯಾರಿಗೂ ಧೈರ್ಯವಾಗಲಿಲ್ಲ. ಗುಂಪಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಈರಿ ಮುಂದೆ ಬಂದು ನಿಂತಾಗ ಮಂತ್ರಿ ನಕ್ಕ.

"ಏನೇ, ಹುಲ್ಲು ಕೊಯ್ಯೋಳಿಗೂ ಕೊಂಬು ಬಂತೇ?"

ಈರಿ ಅವನತ್ತ ನೋಡಲೂ ಇಲ್ಲ. "ಮೊದಲ್ನೇದು ಕೀರ್ತಿ, ಬುದ್ಧಿ. ನಿಮ್ಮಾನೆ ಬದುಕಿದ್ದಾಗ ಈ ಕಲ್ಲಿನ ಅರ್ಧ ಎತ್ತರಕ್ಕೂ ಬರ್ತಿರ್ಲಿಲ್ಲ. ಎರಡ್ನೇದು ಈ ಕಲ್ಲೇ. ಇಪ್ಪತ್ತು ಕೊಡ ಕುಡೀತದೆ, ಒಂದು ಗುಟುಕೂ ಗಂಟಲಿಗೆ ಇಳಿಯಾಕಿಲ್ಲ."

ದೊರೆಯ ಹುಬ್ಬೇರಿತು. "ಹುಟ್ಟುವಾಗ ತರಲಿಲ್ಲ, ಹೋಗುವಾಗ ಒಯ್ಯಲಿಲ್ಲ. ನಾನು ಕೊಟ್ಟೆ, ಆನೆ ಹೊತ್ತಿತು, ಲೋಕ ಕೊಂಡಾಡಿತು. ಏನದು?"

ದೊರೆಗೆ ಬೇಕಾದ ಉತ್ತರ 'ಬಿರುದು' ಎಂದು ಈರಿಗೆ ಹೊಳೆಯಿತು. ಹಾಗೆಂದರೆ ತಲೆ ಉಳಿಯುತ್ತದೆ, ಇವತ್ತಿಗೆ ಹಾಲೂ ಸಿಗುತ್ತದೆ. ಆದರೆ ಲೆಕ್ಕದಲ್ಲೇ ಇಲ್ಲದ ಮರಿಗೆ ನಾಳೆ ಉಗ್ರಾಣದ ಬಾಗಿಲು ತೆರೆಯುವುದಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತು.

"ಕೊಂಬು!" ಎಂದಳು.

"ತಪ್ಪು! ಉತ್ತರ ಬಿರುದು!"

"ಹೊಂದೋ ಉತ್ರ ಅಂತ ಡಂಗುರ ಹೊಡೆಸ್ದೋರು ನೀವು. ಇದು ಹೊಂದಾಕಿಲ್ಲ ಅನ್ನಿ, ತಲೆ ತೆಗೀರಿ. ಚೆಲುವಿ ಹುಟ್ಟುವಾಗ ಕೊಂಬು ತರ್ನಿಲ್ಲ, ಹೋಗುವಾಗ ಒಯ್ನಿಲ್ಲ, ಉಗ್ರಾಣದ ಅಟ್ಟದಾಗೆ ಬಿದ್ದವೆ. ಕೊಟ್ಟೋರು ನೀವು, ಹಗ್ಗ ಬಿಗಿದೋಳು ನಾನು. ಹಗ್ಗ ಕುಯ್ದು ಹುಣ್ಣಾದ್ರೆ ಅರಿಶಿಣ ಹಚ್ಚಿದೋಳೂ ನಾನೇ. ಹೆಣ್ಣಾನೆ ಬೆನ್ನ ಮ್ಯಾಲೆ ಕುಂತು ಜೀವ ಉಳಿಸ್ಕಂಡ್ರಿ. ಹೆಣ್ಣು ಅನ್ನಾಕೆ ನಾಚ್ಕೆ ಆಯ್ತಾ ಬುದ್ಧಿ?"

ಭಟರು ಕತ್ತಿ ಹಿರಿದರು. ಅಷ್ಟರಲ್ಲಿ ಮರಿ ಈರಿಯ ಕೈಬಿಡಿಸಿಕೊಂಡು ಓಡಿತು. ಹಾಲಿನ ವಾಸನೆ ಹಿಡಿದು ಪ್ರತಿಮೆಯ ಮುಂಗಾಲುಗಳ ನಡುವೆ ನುಗ್ಗಿ, ತಾಯ ಮೊಲೆ ಇರಬೇಕಾದ ಜಾಗದಲ್ಲಿ ಬಾಯಿಟ್ಟು ಕಲ್ಲನ್ನು ಚೀಪತೊಡಗಿತು. ಶಿಲ್ಪಿ ಅಲ್ಲಿ ಏನನ್ನೂ ಕೆತ್ತಿರಲಿಲ್ಲ. ಮರಿ ಬಿಡದೆ ಚೀಪಿತು.

ಇಡೀ ಊರು ನೋಡುತ್ತಿತ್ತು. ದೊರೆಯ ಮುಖ ಕಪ್ಪಿಟ್ಟಿತು. ಕತ್ತಿ ಇಳಿಸುವಂತೆ ಕೈಸನ್ನೆ ಮಾಡಿದ.

"ಹೊಂದುತ್ತದೆ," ಎಂದ ಕೊನೆಗೆ. "ಏನು ಬೇಕು ಕೇಳು."

"ಕಲ್ಲಿಗೆ ಸುರಿಯೋ ಇಪ್ಪತ್ತು ಕೊಡ ಹಾಲು, ದಿನಾ ಲಾಯಕ್ಕೆ ಬರ್ಬೇಕು. ಚೆಲುವಿ ಮಗಳಿಗೆ ಅಂತ ಹೆಸರು ಹಿಡಿದು ಕೊಡ್ಬೇಕು."

"ಆಯಿತು. ಈ ಪ್ರತಿಮೆಯ ಕೊಂಬನ್ನೂ ನಾಳೆಯೇ ಒಡೆಸಿ ಹಾಕುತ್ತೇನೆ."

"ಬ್ಯಾಡಿ. ಬಾಗಿಲು ದಾಟಿದಾಗೆಲ್ಲ ನಿಮ್ಮ ಕಣ್ಣಿಗೆ ಬೀಳ್ಲಿ."

ಅಂದು ಸಂಜೆ ಚೆಲುವಿಯ ಮಗಳು ಹೊಟ್ಟೆ ಬಿರಿಯ ಹಾಲು ಕುಡಿದು ಹುಲ್ಲಿನ ಮೇಲೆ ಉರುಳಿಕೊಂಡಿತು. ಈರಿ ಅದರ ಮೈ ತಿಕ್ಕುತ್ತ ಕೂತಳು. ಅವಳ ಸಿಟ್ಟು ಮಾತ್ರ ಇಳಿದಿರಲಿಲ್ಲ.