ಆಂಪಿಯರ್ ಮೀಟರ್ ನೋಡಿ ದೀಪ ಆರಿಸಿದವನು

"ಅಜ್ಜಾರ, ದಿನಾ ರೋಗಿಗಳ ಸೇವಾ ಮಾಡ್ತೀನಿ. ಹಿಂಗ ಕೊಡಕೋತನ ಹೋದರ ಒಂದಿನ ನಾನ ಖಾಲಿ ಆಗಂಗಿಲ್ಲೇನ್ರೀ?" ಎಂದು ಶಿಷ್ಯ ಕೇಳಿದ. ಮಠದ ಆಸ್ಪತ್ರೆಯನ್ನು ಬಿಟ್ಟು ಹೊರಡಲು ಅವನು ಆಗಲೇ ಗಂಟು ಕಟ್ಟಿಟ್ಟಿದ್ದ.

ಮಠದ ಸ್ವಾಮಿಗಳಾದ ಅಜ್ಜನವರು ಕತೆ ಹೇಳಿದರು.

ಘಾಟಿಯಲ್ಲಿ ಜೀಪು ಓಡಿಸುವ ಒಬ್ಬ ಚಾಲಕನಿದ್ದ. ಅವನ ಕಣ್ಣು ರಸ್ತೆಗಿಂತ ಹೆಚ್ಚಾಗಿ ಡ್ಯಾಶ್‌ಬೋರ್ಡಿನ ಆಂಪಿಯರ್ ಮೀಟರಿನ ಮೇಲೆ. ಬ್ಯಾಟರಿಗೆ ಕರೆಂಟು ಬಂದರೆ ಮುಳ್ಳು ಪ್ಲಸ್ ಕಡೆಗೆ, ಬ್ಯಾಟರಿಯಿಂದ ಹೋದರೆ ಮೈನಸ್ ಕಡೆಗೆ. ಮೈನಸ್ ಕಡೆ ವಾಲಿತೆಂದರೆ ಪುಣ್ಯಾತ್ಮನಿಗೆ ತನ್ನ ಜೀವವೇ ಸೋರಿದಂತಾಗುತ್ತಿತ್ತು. ಕೂಡಲೇ ದೀಪ ಆರಿಸುತ್ತಿದ್ದ.

ಒಂದು ಮುಂಜಾನೆ ಹೆರಿಗೆ ನೋವು ಬಂದ ಹೆಂಗಸನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ದಟ್ಟ ಮಂಜು. ಏರಿನಲ್ಲಿ ಜೀಪು ನಿಧಾನವಾಯಿತು, ಮುಳ್ಳು ಮೈನಸ್ ಕಡೆ ವಾಲಿತು. ಎಂದಿನಂತೆ ದೀಪ ಆರಿಸಿದ. ತಿರುವಿನಲ್ಲಿ ಎದುರು ಬಂದ ಎತ್ತಿನ ಗಾಡಿಯವನಿಗೆ ಜೀಪು ಕಾಣಲೇ ಇಲ್ಲ. ಚಾಲಕ ಬ್ರೇಕು ಒತ್ತಿ ಜೀಪು ನಿಂತಾಗ ಎತ್ತುಗಳ ಮೂತಿಗೂ ಜೀಪಿನ ಮೂತಿಗೂ ಗೇಣು ದೂರ. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಚಾಲಕ ನೇರವಾಗಿ ಗ್ಯಾರೇಜಿನ ಮಿಸ್ತ್ರಿಯ ಬಳಿ ಹೋಗಿ ಎಲ್ಲ ಹೇಳಿಕೊಂಡ.

ಮಿಸ್ತ್ರಿ ಮೀಟರು ಬಿಚ್ಚಿದ. ಇಡೀ ಜೀಪಿನ ಕರೆಂಟು ಅದರ ಮೂಲಕವೇ ಹಾಯ್ದು ಹಿಂದಿನ ಎರಡು ದಪ್ಪ ತಂತಿಗಳು ಕಾದು ಕರ್ರಗಾಗಿದ್ದವು. ಎರಡನ್ನೂ ಒಂದಕ್ಕೊಂದು ಬಿಗಿದು, ಟೇಪು ಸುತ್ತಿ, ಅದೇ ಜಾಗದಲ್ಲಿ ಬ್ಯಾಟರಿ ಎಷ್ಟು ಗಟ್ಟಿಯಿದೆ ಎಂದು ತೋರಿಸುವ ವೋಲ್ಟ್ ಮೀಟರು ಕೂರಿಸಿದ. ಇಂಜಿನ್ ಚಾಲೂ ಮಾಡಿ ದೀಪ ಹಾಕಿದ. ಮುಳ್ಳು ಕೂದಲೆಳೆಯಷ್ಟು ತಗ್ಗಿ ಅಲ್ಲೇ ನಿಂತಿತು.

"ದೀಪ ಉರಿಯಾಕ್ಹತ್ತೇತಿ, ಆದ್ರೂ ಬ್ಯಾಟರಿ ಗಟ್ಟಿ ಐತಲ್ಲೋ ಮಾರಾಯ!" ಎಂದ ಚಾಲಕ.

"ಮತ್ತ? ಹೋಗೂದಷ್ಟ ನೋಡಕೋತ ಕುಂತಿದ್ದಿ ನೀ," ಎಂದ ಮಿಸ್ತ್ರಿ. "ಏರಿನ್ಯಾಗ ಚೂರು ಹೋದ್ರೂ, ಇಂಜಿನ್ ಜೋರ ತಿರುಗಿದ ಕೂಡ್ಲೆ ಡೈನಮೋ ಕರೆಂಟು ಮಾಡಿ ಬ್ಯಾಟರಿ ಮತ್ತ ತುಂಬತೈತಿ."

ಚಾಲಕ ಬಾನೆಟ್ಟು ಎತ್ತಿದ. ಇಷ್ಟು ವರ್ಷ ಒಮ್ಮೆಯೂ ತಿರುಗಿ ನೋಡದ ಆ ಮಸಿ ಹಿಡಿದ ಡೈನಮೋಗೆ ಎರಡೂ ಕೈ ಎತ್ತಿ ಮುಗಿದ. ಅವನ ಕಣ್ಣು ತುಂಬಿ ಬಂದಿತ್ತು. ಮುಂದೆ ಎಂಥ ಮಂಜಿನಲ್ಲೂ ಅವನು ದೀಪ ಆರಿಸಲಿಲ್ಲ.

ಇಷ್ಟು ಹೇಳಿ ಅಜ್ಜನವರು ಶಿಷ್ಯನ ಮುಖ ನೋಡಿದರು.

"ನೀನೂ ಹೋಗೂದಷ್ಟ ನೋಡಾಕ್ಹತ್ತೀದಿ, ನಿನ್ನ ತುಂಬೂದು ಕಾಣವಲ್ದು. ಮೊನ್ನೆ ನಿನಗ ಜ್ವರ ಬಂದಾಗ, ಹಣಿಗೆ ಹಸಿ ಅರಿವಿ ಹಾಕ್ಕೋತ ಕುಂತಿದ್ದು ನಿನ್ನ ಯಾವ ರೋಗಿ, ತಮ್ಮಾ?"