ಬಂದರಿನ ಗಡಿಯಾರವೂ ಹಡಗಿನ ಇಲಿಯೂ

ಸುಳ್ಳಾದರೆ ಮೀಸೆ ಬೋಳಿಸಿಕೊಳ್ಳುತ್ತೇನೆ, ಇದು ನಾನು ಕಣ್ಣಾರೆ ಕಂಡದ್ದು! ಇಲಿಯೊಂದು ಮರಿಗಳನ್ನು ಹಡಗಿನಲ್ಲೇ ಮಲಗಿಸಿ, ಒಣಮೀನು ತರಲು ಬಂದರಿಗೆ ಇಳಿಯಿತು. ಹಡಗು ಹೊರಡುವುದು ನಾಲ್ಕು ಗಂಟೆಗೆ. ಸಿಕ್ಕ ಮೀನು ಮೆಲ್ಲುತ್ತಾ ಇಲಿ ಬಂದರಿನ ಗೋಪುರದ ಗಡಿಯಾರವನ್ನು ಕೇಳಿತು: "ಅಣ್ಣಾ, ಗಂಟೆ ಎಷ್ಟಾಯಿತು?"

"ಇನ್ನೂ ಮೂರಾಗಿಲ್ಲ ತಂಗೀ, ನಿಧಾನವಾಗಿ ತಿನ್ನು. ಈ ಊರಿನ ಸೂರ್ಯ ನನ್ನನ್ನು ಕೇಳಿಯೇ ಮುಳುಗುತ್ತಾನೆ!"

ಇಲಿ ತಿನ್ನುವುದನ್ನು ನಿಲ್ಲಿಸಿತು. "ನಾನು ಇಳಿಯುವಾಗಲೇ ಹಡಗಿನ ಗಡಿಯಾರ ಮೂರು ಹೊಡೆದಿತ್ತಲ್ಲಾ! ಹಗ್ಗ ಬಿಚ್ಚುವವನೂ ನಿನ್ನನ್ನೇ ಕೇಳುತ್ತಾನೇನಣ್ಣಾ?"

ಇಲಿ ಮೀನು ಬಿಸಾಡಿ ಓಡಿತು. ಬಿಚ್ಚಿದ ಹಗ್ಗ ಆಗಲೇ ನೀರಿಗೆ ಜಾರುತ್ತಿತ್ತು. ಅದರ ತುದಿಯನ್ನು ಕಚ್ಚಿಕೊಂಡು, ನೇತಾಡುತ್ತಲೇ ಹತ್ತಿ, ಮರಿಗಳನ್ನು ಸೇರಿತು.

ಇತ್ತ ಹಡಗು ಬಿಟ್ಟುಹೋದ ಖಾಲಿ ದಕ್ಕೆಯಲ್ಲಿ ಗಡಿಯಾರ ಬಲು ಜಂಬದಿಂದ, ಒಂದಿಷ್ಟೂ ತಪ್ಪದೆ, ಮೂರು ಹೊಡೆಯಿತು.