ಸೇರು ಮತ್ತು ಸಮೀಕ್ಷೆಯ ಹಾಳೆ

ಅಳೆದಾದ ಮೇಲೆ ಅಂಗಡಿಯವರು ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದರಲ್ಲ, ಅದಕ್ಕೆ ನಮ್ಮೂರಲ್ಲಿ ಏನೋ ಅನ್ನುತ್ತಿದ್ದರು… ಕೊ… ಇರಲಿ, ಕಥೆ ಕೇಳು.

ಗಿರಾಕಿಗಳ ಮನಸ್ಸು ತಿಳಿಯಲು ಮನೆಮನೆ ಸುತ್ತಿ ಬಂದ ಸಮೀಕ್ಷೆಯ ಹಾಳೆಯನ್ನು ಅಂಗಡಿಯ ಹಿತ್ತಾಳೆ ಸೇರು ಕೇಳಿತು: "ಜನ ನನ್ನನ್ನು ಏಕೆ ಬಿಟ್ಟರು, ಮಗೂ?"

"ನೂರು ಮನೆ ಕೇಳಿದೆ, ಅಜ್ಜ. ಎಲ್ಲರಿಗೂ ಈಗ ಪೊಟ್ಟಣವೇ ಇಷ್ಟ. ಹೊತ್ತು ಉಳಿಯುತ್ತದೆ, ತೂಕವೂ ಕರಾರುವಾಕ್ಕು."

"ನಾನು ಕೊಡುತ್ತಿದ್ದ ಆ ಒಂದು ಹಿಡಿಯನ್ನು ಯಾರೂ ನೆನೆಸಿಕೊಳ್ಳಲಿಲ್ಲವೇ?"

"ಬಹಳ ಜನ ನೆನೆಸಿಕೊಂಡರು. ಒಬ್ಬಾಕೆ ಅತ್ತೇಬಿಟ್ಟಳು. ಆದರೆ ಅದನ್ನು ಬರೆದುಕೊಳ್ಳಲು ನನ್ನಲ್ಲಿ ಜಾಗವೇ ಇರಲಿಲ್ಲ."

ಹಾಳೆ ಓದಿದ ಅಂಗಡಿಯವನು ಅಂದೇ ಸೇರನ್ನು ಗುಜರಿಗೆ ಹಾಕಿದ.

ಹಾಂ, ಕೊಸರು! ಕೊಸರು ಅನ್ನುತ್ತಿದ್ದರು. ನೇತ್ರಾ, ನಾನು ಮತ್ತೆ ಮರೆತೇನು, ಬರೆದಿಟ್ಟುಕೋ ಮಗಳೇ.